ಛೇದವೋ, ಚಿಕಿತ್ಸೆಯೋ?

ಚಾತುರ್ಮಾಸ ಆರಂಭವಾದ ದಿನಗಳು. ನಮ್ಮೂರ ಬಸದಿಯಲ್ಲಿ ಸಂಜೆಯ ಸ್ವಾಧ್ಯಾಯ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ಶ್ರಾವಿಕೆ ಹಿಂದೆಯೇ ಉಳಿದರು. ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿಡುತ್ತಿದ್ದ ನನ್ನ ಬಳಿಗೆ ಬಂದು, "ಕಾಕಾ, ಒಂದು ಮಾತು ಕೇಳಲೇನ್ರಿ? ಶಾಸ್ತ್ರದ ಮಾತಲ್ಲ, ಮನೀ ಮಾತು" ಎಂದರು.

ಅವರ ಮನೆಯಲ್ಲೊಂದು ಹೆಣ್ಣುನಾಯಿ. ಹೆಸರು ಕೆಂಪಿ. ಎರಡು ವರ್ಷಗಳ ಹಿಂದೆ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಮಗ ಎತ್ತಿಕೊಂಡು ಬಂದಿದ್ದನಂತೆ. ಕಳೆದ ಮಾಘದಲ್ಲಿ ಅದು ಆರು ಮರಿಗಳನ್ನು ಹಾಕಿತು. ಎರಡು ಮರಿಗಳು ಪಾರ್ವೊ ಕಾಯಿಲೆಯಿಂದ ಸತ್ತವು. ಒಂದು ಮನೆಯ ಮುಂದಿನ ರಸ್ತೆಯಲ್ಲಿಯೇ ವಾಹನಕ್ಕೆ ಸಿಕ್ಕಿತು. ಇನ್ನೊಂದು ಒಂದು ಮುಂಜಾನೆ ಕಾಣಲಿಲ್ಲ. ಉಳಿದ ಎರಡನ್ನು ಕೇಳಿದವರಿಗೆ ಕೊಟ್ಟರು. ಅವುಗಳಲ್ಲಿ ಒಂದನ್ನು ಒಯ್ದವರು ತಿಂಗಳಾಗುವಷ್ಟರಲ್ಲಿ ಸಂತೆಯ ಬಳಿ ಬಿಟ್ಟುಬಿಟ್ಟರೆಂಬ ಸುದ್ದಿ ಬಂತು. ಈಗ ಕೆಂಪಿ ಮತ್ತೆ ಬೆದೆಗೆ ಬರುವ ಕಾಲ ಹತ್ತಿರವಾಗಿದೆ. ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ ಎಂದು ಪಶುವೈದ್ಯರು ಹೇಳಿದ್ದಾರೆ. ಮೂಕಪ್ರಾಣಿಯ ಅಂಗ ಕೊಯ್ಯಿಸುವುದು ಘೋರ ಪಾಪ ಎನ್ನುತ್ತಾರೆ ಅತ್ತೆ. ಅದು ಪುಣ್ಯದ ಕೆಲಸ ಎನ್ನುತ್ತಾರೆ ನೆರೆಮನೆಯವರು. ಎರಡೂ ಬೇಡ, ದೂರದ ತೋಟದ ಕಡೆ ಬಿಟ್ಟು ಬರೋಣ ಎನ್ನುತ್ತಾರೆ ಪತಿ. "ನಾನೇನು ಮಾಡಲಿ ಕಾಕಾ?" ಎಂಬುದು ಅವರ ಪ್ರಶ್ನೆ.

ಅಂದು ನಾನು ಉತ್ತರ ಕೊಡಲಿಲ್ಲ. ನಾಲ್ಕು ದಿನ ಕಾಲಾವಕಾಶ ಕೇಳಿದೆ. ಮನೆಮನೆಯಲ್ಲಿ ನಾಯಿ ಸಾಕುವುದು ಸಾಮಾನ್ಯವಾಗಿರುವ ಈ ಕಾಲದಲ್ಲಿ ಇದು ಅವರೊಬ್ಬರ ಪ್ರಶ್ನೆಯಲ್ಲ. ಆದುದರಿಂದ ಆ ನಾಲ್ಕು ದಿನಗಳ ಚಿಂತನೆಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲಿಗೆ ನಾಯಿ ಎಂದರೆ ಯಾರು ಎಂಬುದನ್ನು ತಿಳಿಯಬೇಕು. ಜೈನ ದರ್ಶನದ ಪ್ರಕಾರ ಅದು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಐದು ಇಂದ್ರಿಯಗಳು, ಮನ, ವಚನ, ಕಾಯವೆಂಬ ಮೂರು ಬಲಗಳು, ಆಯು ಮತ್ತು ಶ್ವಾಸೋಚ್ಛ್ವಾಸ, ಹೀಗೆ ನಮಗಿರುವ ಹತ್ತು ಪ್ರಾಣಗಳೂ ಅದಕ್ಕಿವೆ. ಸಮ್ಯಗ್ದರ್ಶನವನ್ನು ಪಡೆಯುವ ಯೋಗ್ಯತೆಯೂ ಅಂಥ ಜೀವಕ್ಕುಂಟು. ಧರ್ಮದ ಬಲದಿಂದ ನಾಯಿಯೂ ದೇವನಾಗಬಲ್ಲದು, ಪಾಪದಿಂದ ದೇವನೂ ನಾಯಿಯಾಗಬಲ್ಲನು ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಕನ್ನಡದಲ್ಲಿ ಭಾಸ್ಕರ ಕವಿ ಹಾಡಿದ ಜೀವಂಧರನ ಕಥೆ ಇದಕ್ಕೆ ಸಾಕ್ಷಿ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಷ್ಟಕಾಲದಲ್ಲಿ ಅವನ ನೆರವಿಗೆ ನಿಂತಿತು. ಆದ್ದರಿಂದ ಇದು ಬರಿಯ ಪ್ರಾಣಿಯ ವಿಷಯ ಎಂದು ಹಗುರವಾಗಿ ತೀರ್ಮಾನಿಸುವ ಅಧಿಕಾರ ಶ್ರಾವಕನಿಗಿಲ್ಲ.

ಇನ್ನು ಅತ್ತೆಯವರ ಮಾತು. ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ, ಅದಕ್ಕೆ ಶಾಸ್ತ್ರದ ಆಧಾರ ಬಲವಾಗಿಯೇ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಇಷ್ಟ ಬಂದೆಡೆ ಹೋಗದಂತೆ ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗಗಳನ್ನು ಕತ್ತರಿಸುವುದು ಛೇದ, ಮಿತಿಮೀರಿ ಹೊರೆ ಹೊರಿಸುವುದು ಅತಿಭಾರಾರೋಪಣ, ಅನ್ನ ನೀರು ಕೊಡದಿರುವುದು ಅನ್ನಪಾನನಿರೋಧ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ವಿವರಿಸುತ್ತ ನಿರ್ಲಾಂಛನ ಕರ್ಮವನ್ನು ಹೆಸರಿಸುತ್ತಾರೆ. ಪ್ರಾಣಿಗಳ ಮೂಗು ಚುಚ್ಚುವುದು, ಮೈಗೆ ಬರೆ ಹಾಕುವುದು, ಬೀಜ ಒಡೆಯುವುದು, ಕಿವಿ ಕತ್ತರಿಸುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗಿರುವಾಗ ಹೆಣ್ಣುನಾಯಿಯ ಹೊಟ್ಟೆ ಕೊಯ್ದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯುವುದು ಛೇದವಲ್ಲವೆಂದು ಹೇಳುವುದು ಹೇಗೆ? ಅದು ಛೇದವೇ. ಅದನ್ನು ಒಪ್ಪಿಕೊಂಡೇ ಮುಂದೆ ಯೋಚಿಸುವುದು ಪ್ರಾಮಾಣಿಕತೆ.

ಆದರೆ ಅದೇ ಸೂತ್ರವನ್ನು ಪೂರ್ತಿಯಾಗಿ ಓದಬೇಕು. ಐದು ಅತಿಚಾರಗಳಲ್ಲಿ ಛೇದ ಒಂದು ಮಾತ್ರ. ಆ ಮನೆಯವರ ಮುಂದಿರುವ ಉಳಿದ ದಾರಿಗಳು ಯಾವುವು? ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಪ್ರತಿ ಸಲವೂ ಸುಮಾರು ಮೂರು ವಾರ ಅದನ್ನು ಒಳಗೇ ಕೂಡಿಹಾಕಿದರೆ ಅದು ಬಂಧ. ಗೇಟಿನ ಬಳಿ ನೆರೆಯುವ ಗಂಡುನಾಯಿಗಳಿಗೆ ಕಲ್ಲು ಬೀಸಿದರೆ ಅದು ವಧ. ತೋಟದ ಕಡೆ ಬಿಟ್ಟು ಬಂದರೆ ಅದು ಅನ್ನಪಾನನಿರೋಧ. ನಂಬಿದ ಜೀವವನ್ನು ಹಸಿವಿಗೆ ಒಪ್ಪಿಸಿ ಹಿಂದಿರುಗಿ ನೋಡದೆ ಬರುವುದಕ್ಕಿಂತ ಕ್ರೂರವಾದ ಅನ್ನಪಾನನಿರೋಧ ಯಾವುದಿದೆ? ಯಾವುದನ್ನೂ ಮಾಡದೆ ಸುಮ್ಮನಿದ್ದರೆ ಸುಮಾರು ಎರಡು ತಿಂಗಳಲ್ಲಿ ಮತ್ತೆ ಮರಿಗಳು ಹುಟ್ಟುತ್ತವೆ. ಅವುಗಳ ಗತಿ ಏನಾಗುವುದೆಂದು ಆ ಮನೆಯವರು ಒಮ್ಮೆ ಕಣ್ಣಾರೆ ಕಂಡಿದ್ದಾರೆ. ಕಂಡೂ ಸುಮ್ಮನಿರುವುದು ಅಹಿಂಸೆಯಲ್ಲ, ಪ್ರಮಾದ. ಪ್ರಮಾದಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂಬುದು ಆಚಾರ್ಯರ ಲಕ್ಷಣವಾಕ್ಯದ ತಾತ್ಪರ್ಯ. ಕೈಗೆ ರಕ್ತ ಅಂಟದಿರುವುದರಿಂದ ಮಾತ್ರ ಯಾರೂ ಅಹಿಂಸಕರಾಗುವುದಿಲ್ಲ.

ಇಲ್ಲಿ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆ ನಮಗೆಲ್ಲ ಗೊತ್ತು. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಅಲ್ಲಿತ್ತು. ಅದರ ಫಲವಾಗಿ ಅವನು ನವಿಲಾದನು, ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟಿದಳು, ಭವಭವಗಳಲ್ಲಿ ಇಬ್ಬರೂ ತೊಳಲಿದರು. ಇನ್ನೊಂದು, ಕನ್ನಡನಾಡಿನಲ್ಲಿ ಪೂಜೆಗೊಂಡ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ದೃಷ್ಟಾಂತ. ಪರಮ ಕರುಣೆಯುಳ್ಳ ವೈದ್ಯನೊಬ್ಬನು ಮುನಿಯ ಮೈಮೇಲಿನ ಹುಣ್ಣನ್ನು ಶಸ್ತ್ರದಿಂದ ಸೀಳುತ್ತಾನೆ. ನೋವಾಗುತ್ತದೆ. ಆದರೂ ಹೊರಗಿನ ನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಿಲ್ಲ ಎನ್ನುತ್ತಾರೆ ಆಚಾರ್ಯರು. ಒಂದೆಡೆ ಹಿಟ್ಟನ್ನು ಕತ್ತರಿಸಿದವನಿಗೆ ದುರ್ಗತಿ, ಇನ್ನೊಂದೆಡೆ ಮಾಂಸವನ್ನು ಸೀಳಿದವನಿಗೆ ಪಾಪವಿಲ್ಲ. ವ್ಯತ್ಯಾಸ ಇರುವುದು ಭಾವದಲ್ಲಿ.

ಶ್ರಾವಕಾಚಾರದ ವ್ಯಾಖ್ಯಾನಕಾರರು ಇದನ್ನೇ ಬಂಧ, ಛೇದಗಳಿಗೆ ಅನ್ವಯಿಸಿ, ಅವು ಸಾಪೇಕ್ಷವೆಂದೂ ನಿರಪೇಕ್ಷವೆಂದೂ ಎರಡು ಬಗೆ ಎನ್ನುತ್ತಾರೆ. ದನವನ್ನು ಕಟ್ಟಬೇಕಾದರೆ, ಬೆಂಕಿ ಬಿದ್ದಾಗ ಬಿಚ್ಚಲು ಬರುವಂತೆ ಸಡಿಲವಾಗಿ ಕಟ್ಟುವುದು ಸಾಪೇಕ್ಷ ಬಂಧ. ಜೀವದ ಪರಿವೆಯೇ ಇಲ್ಲದೆ ಬಿಗಿದು ಕಟ್ಟುವುದು ನಿರಪೇಕ್ಷ ಬಂಧ. ಹುಣ್ಣನ್ನು ಗುಣಪಡಿಸಲು ಕೊಯ್ಯುವುದು ಸಾಪೇಕ್ಷ ಛೇದ. ನಿರ್ದಯೆಯಿಂದ ಕಿವಿ ಮೂಗು ಕತ್ತರಿಸುವುದು ನಿರಪೇಕ್ಷ ಛೇದ. ಶೋಭೆಗಾಗಿ ನಾಯಿಯ ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸುವುದು, ಬಾಲ ತುಂಡರಿಸುವುದು ನಿಸ್ಸಂದೇಹವಾಗಿ ಎರಡನೆಯ ವರ್ಗಕ್ಕೆ ಸೇರುತ್ತವೆ. ಹಣಕ್ಕಾಗಿ ಜಾತಿನಾಯಿಗಳಿಂದ ಮೇಲಿಂದ ಮೇಲೆ ಮರಿ ಹಾಕಿಸುವುದೂ ಸಲ್ಲದು. ಲಾಭಕ್ಕಾಗಿ ನಾಯಿ, ಬೆಕ್ಕು, ಗಿಳಿ ಮುಂತಾದವನ್ನು ಸಾಕುವುದನ್ನು ಹೇಮಚಂದ್ರರು ಅಸತೀಪೋಷಣವೆಂಬ ಕರ್ಮಾದಾನದಲ್ಲಿಯೇ ಸೇರಿಸಿದ್ದಾರೆ. ಮರಿ ಮಾರಿ ಹಣ ಎಣಿಸುತ್ತ, ಶಸ್ತ್ರಚಿಕಿತ್ಸೆ ಪಾಪವೆಂದು ಹೇಳುವವರ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ಕೆಂಪಿಯ ಶಸ್ತ್ರಚಿಕಿತ್ಸೆ ಹುಣ್ಣು ಕೊಯ್ಯುವ ಚಿಕಿತ್ಸೆಯಂತೆಯೇ ಎನ್ನಬಹುದೇ? ಪೂರ್ತಿಯಾಗಿ ಎನ್ನಲಾಗದು. ಹುಣ್ಣು ರೋಗ, ಗರ್ಭಕೋಶ ರೋಗವಲ್ಲ. ಆರೋಗ್ಯವಾಗಿರುವ ಅಂಗವನ್ನು ತೆಗೆಯುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಆದರೂ ಆ ಜೀವಕ್ಕೆ ಅದರಿಂದ ಹಿತವೇನೂ ಇಲ್ಲವೆಂಬುದು ಸರಿಯಲ್ಲ. ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದುಂಟು. ಸಮಯಕ್ಕೆ ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣವನ್ನೇ ತೆಗೆಯುತ್ತದೆ. ಸ್ತನದ ಗೆಡ್ಡೆಗಳ ಭಯವೂ ಇದೆ. ಇನ್ನೊಂದು ಬದಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕೆಲವು ನಾಯಿಗಳ ಮೈ ಬೊಜ್ಜು ಬೆಳೆಯುತ್ತದೆ, ಕೆಲವಕ್ಕೆ ಮೂತ್ರದ ಹಿಡಿತ ತಪ್ಪುತ್ತದೆ. ಅರಿವಳಿಕೆಯ ಅಪಾಯವೂ ಅಲ್ಪವಾದರೂ ಇದ್ದೇ ಇದೆ. ಎರಡನ್ನೂ ಪಶುವೈದ್ಯರಲ್ಲಿ ಕೇಳಿ ತಿಳಿದು ತೂಗಿ ನೋಡಬೇಕು.

ಪುಣ್ಯದ ಕೆಲಸ ಎಂದ ನೆರೆಮನೆಯವರ ಮಾತನ್ನೂ ಪರೀಕ್ಷಿಸೋಣ. ಒಂದನ್ನು ಕೊಯ್ದರೆ ನೂರು ಜೀವಗಳ ಸಂಕಟ ತಪ್ಪುತ್ತದಲ್ಲ ಎಂಬುದು ಅವರ ವಾದ. ಈ ಬಗೆಯ ಲೆಕ್ಕಾಚಾರವನ್ನು ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರಾಕರಿಸಿದ್ದಾರೆ. ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಬಹುಜೀವಗಳ ರಕ್ಷಣೆಯಾಗುತ್ತದೆಂದು ಭಾವಿಸಿ ಹಿಂಸೆಗೆ ಇಳಿಯಬಾರದು ಎಂಬುದು ಅವರ ಉಪದೇಶ. ಅಲ್ಲಿ ಮಾತು ಕೊಲ್ಲುವುದರ ಬಗ್ಗೆ, ಇಲ್ಲಿ ಪ್ರಾಣಹರಣವಿಲ್ಲ ಎಂಬ ಭೇದ ನಿಜ. ಆದರೂ ಆ ಎಚ್ಚರಿಕೆ ನಮಗೆ ಬೇಕು. ಸಂಖ್ಯೆಯ ಲಾಭವನ್ನು ಮುಂದೆ ಮಾಡಿ, ಮುಂದಿರುವ ಒಂದು ಜೀವದ ನೋವನ್ನು ಮರೆತುಬಿಡುವುದು ಸುಲಭ. ಹಾಗೆಯೇ, ನಾಯಿಗೆ ಬ್ರಹ್ಮಚರ್ಯ ಕೊಡಿಸಿದಂತಾಯಿತು ಎಂದು ಸಮಾಧಾನ ಹೇಳುವವರೂ ಇದ್ದಾರೆ. ಇದು ತಪ್ಪು ತಿಳಿವಳಿಕೆ. ವ್ರತವೆಂಬುದು ತಾನೇ ಸಂಕಲ್ಪಿಸಿ ಕೈಗೊಳ್ಳುವಂಥದು. ವೇದವೆಂಬ ನೋಕಷಾಯವು ಮೋಹನೀಯ ಕರ್ಮದಿಂದ ಉಂಟಾಗುತ್ತದೆ, ಅದನ್ನು ಶಸ್ತ್ರದಿಂದ ಕತ್ತರಿಸಲಾಗದು.

ನಾವು ಜೀವಗಳ ಜನ್ಮವನ್ನೇ ತಡೆದಂತಾಗುವುದಿಲ್ಲವೇ ಎಂಬ ಸಂದೇಹವೂ ಕೆಲವರಿಗಿದೆ. ಜೀವವು ಒಂದು ದೇಹವನ್ನು ಬಿಟ್ಟ ಕೆಲವೇ ಸಮಯಗಳಲ್ಲಿ ತನ್ನ ಆಯುಕರ್ಮ, ಗತಿನಾಮಕರ್ಮಗಳಿಗೆ ತಕ್ಕ ಯೋನಿಯನ್ನು ಸೇರುತ್ತದೆ. ಕೆಂಪಿಯ ಗರ್ಭಕ್ಕಾಗಿ ಕಾದು ಕುಳಿತ ಜೀವ ಯಾವುದೂ ಇಲ್ಲ. ಆದ್ದರಿಂದ ಗರ್ಭ ನಿಲ್ಲುವ ಮೊದಲು ಮಾಡುವ ಶಸ್ತ್ರಚಿಕಿತ್ಸೆಯಿಂದ ಹುಟ್ಟಬೇಕಾದ ಮರಿಗಳ ಘಾತವಾಗುವುದಿಲ್ಲ. ಗಬ್ಬವಾದ ಮೇಲೆ ಮಾತ್ರ ವಿಷಯವೇ ಬೇರೆ. ಆಗ ಗರ್ಭದಲ್ಲಿರುವವು ಪಂಚೇಂದ್ರಿಯ ಜೀವಗಳು. ಗಬ್ಬದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದಾಗಲೀ, ಗರ್ಭ ಇಳಿಸುವ ಚುಚ್ಚುಮದ್ದು ಕೊಡಿಸುವುದಾಗಲೀ ಆ ಜೀವಗಳ ಹತ್ಯೆಯೇ ಸರಿ. ಗೊತ್ತಿದ್ದೂ ಮಾಡಿಸಿದರೆ ಅದು ಸಂಕಲ್ಪೀ ಹಿಂಸೆ. ಗೃಹಸ್ಥನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ತಿಯಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನಾದರೋ ಬಿಡಲೇಬೇಕು.

ಬೀದಿನಾಯಿಗಳ ವಿಷಯದಲ್ಲಿಯೂ ಒಂದು ಮಾತು. ಹಿಂದೆ ನಮ್ಮ ಊರುಗಳಲ್ಲಿ ನಾಯಿಗಳ ಸಂಖ್ಯೆ ಹೆಚ್ಚಿತೆಂದರೆ ಅವುಗಳನ್ನು ಹಿಡಿದು ಕೊಲ್ಲಿಸುತ್ತಿದ್ದರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದ ನಿಯಮಗಳು ಕೊಲ್ಲುವ ಬದಲಿಗೆ ಸಂತಾನಶಕ್ತಿಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ವಿಧಿಸಿದವು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದಿವೆ. ವಧದಿಂದ ಛೇದಕ್ಕೆ ಬಂದದ್ದು ಹಿಂಸೆ ತಗ್ಗಿದ ದಾರಿ ಎಂಬುದನ್ನು ಒಪ್ಪಲೇಬೇಕು. ಆದರೆ ಬೀದಿಯಲ್ಲಿ ಹುಟ್ಟಿದ ನಾಯಿಗೂ ಮನೆಯ ನಾಯಿಗೂ ಒಂದು ಅಂತರವಿದೆ. ಮನೆಯ ನಾಯಿಯನ್ನು ತಂದವರು ನಾವು. ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಚತುಷ್ಪದವೂ ಒಂದೆಂಬುದನ್ನು ನಾವು ಮರೆಯುತ್ತೇವೆ. ಪರಿಗ್ರಹ ಇದ್ದೆಡೆ ಹಿಂಸೆಯ ಪ್ರಸಂಗ ಬಂದೇ ಬರುತ್ತದೆ. ಶಸ್ತ್ರಚಿಕಿತ್ಸೆಯ ಪ್ರಶ್ನೆ ವೈದ್ಯರ ಬಾಗಿಲಲ್ಲಿ ಹುಟ್ಟಿದ್ದಲ್ಲ, ನಾಯಿಯ ಕೊರಳಿಗೆ ನಾವು ಪಟ್ಟಿ ಕಟ್ಟಿದ ದಿನವೇ ಹುಟ್ಟಿದ್ದು.

ನಾಲ್ಕು ದಿನಗಳ ನಂತರ ನಾನು ಆ ಶ್ರಾವಿಕೆಗೆ ಹೇಳಿದ ಮಾತು ಇದು. "ನಿನ್ನ ಮನೆಯ ಪರಿಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದೇ ಕಡಿಮೆ ಹಿಂಸೆಯ ದಾರಿ ಎಂದು ನನಗೆ ತೋರುತ್ತದವ್ವಾ. ಆದರೆ ಅದನ್ನು ಪುಣ್ಯವೆಂದು ಹೇಳಿಕೊಳ್ಳಬೇಡ. ಕೊಯ್ದವರು ವೈದ್ಯರು, ನಾನಲ್ಲ ಎಂದೂ ಅನ್ನಬೇಡ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಮೂರೂ ನಮ್ಮ ಲೆಕ್ಕಕ್ಕೇ ಬರುತ್ತವೆ."

ಅದರೊಂದಿಗೆ ಕೆಲವು ನಿಯಮಗಳನ್ನೂ ಹೇಳಿದೆ. ಗಬ್ಬವಾಗಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ತಕ್ಕ ವಯಸ್ಸು, ತಕ್ಕ ಸಮಯ ಯಾವುದೆಂದು ಅವರನ್ನೇ ಕೇಳಬೇಕು. ಖರ್ಚು ಉಳಿಸಲು ಹೋಗಿ ನೋವು ಶಮನದ ಔಷಧದಲ್ಲಿ ಕೊರತೆ ಮಾಡಬಾರದು. ಹೊಲಿಗೆ ಮಾಯುವ ಹತ್ತು ಹನ್ನೆರಡು ದಿನ ಮನೆಯವರೊಬ್ಬರು ಸದಾ ಬಳಿಯಿರಬೇಕು. ಅಂದಿನ ಸಂಜೆ ಆಲೋಚನೆ, ಪ್ರತಿಕ್ರಮಣಗಳನ್ನು ತಪ್ಪಿಸಬಾರದು. ಕೊನೆಯದಾಗಿ, ಆ ಜೀವವನ್ನು ಕಡೆಯುಸಿರಿನ ತನಕ ಕೈಬಿಡುವುದಿಲ್ಲವೆಂದು ಸಂಕಲ್ಪ ಮಾಡಬೇಕು. ಆಹಾರ, ಔಷಧ, ಅಭಯ ದಾನಗಳು ನಾಯಿಗೂ ಸಲ್ಲುತ್ತವೆ. ಅದರಿಂದ ಒಂದು ಅಂಗವನ್ನು ಕಿತ್ತುಕೊಂಡವರು ಅಭಯವನ್ನಾದರೂ ಪೂರ್ತಿಯಾಗಿ ಕೊಡಬೇಕು.

ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸುವ ಶ್ರಾವಕರೂ ಇರಬಹುದು. ಅವರನ್ನು ನಾನು ಗೌರವಿಸುತ್ತೇನೆ. ಆದರೆ ಆ ನಿರ್ಧಾರಕ್ಕೂ ಬೆಲೆಯಿದೆ. ಸುತ್ತುಗೋಡೆಯ ವಿಶಾಲ ಅಂಗಳ ಬೇಕು. ಬೆದೆಯ ದಿನಗಳಲ್ಲಿ ಕಟ್ಟಿಹಾಕದೆಯೇ ಕಾಯುವ ತಾಳ್ಮೆ ಬೇಕು. ಬೆದೆ ತಡೆಯುವ ಚುಚ್ಚುಮದ್ದಿನ ಸುಲಭದ ದಾರಿ ಹಿಡಿಯಬಾರದು, ಅದರಿಂದ ಗರ್ಭಕೋಶದ ರೋಗ ಹೆಚ್ಚುತ್ತದೆ. ವಯಸ್ಸಾದ ಮೇಲೆ ಅತಿಯಾದ ಬಾಯಾರಿಕೆ, ಸ್ರಾವ, ಊಟ ಬಿಡುವುದು ಕಂಡರೆ ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಎಚ್ಚರ ತಪ್ಪಿ ಮರಿಗಳು ಹುಟ್ಟಿದರೆ ಒಂದೊಂದು ಮರಿಯ ಭಾರವನ್ನೂ ಹೊರಬೇಕು. ಇಷ್ಟನ್ನೂ ಮಾಡಬಲ್ಲವರು ಛೇದವನ್ನು ತಪ್ಪಿಸಲಿ, ಅದು ಶ್ರೇಷ್ಠ. ಮಾಡಲಾರದೆ ಶಾಸ್ತ್ರದ ಹೆಸರು ಹೇಳಿ ಕೈಕಟ್ಟಿ ಕುಳಿತರೆ ಅದು ಶಾಸ್ತ್ರವನ್ನು ಆಲಸ್ಯಕ್ಕೆ ಹೊದಿಕೆಯಾಗಿ ಬಳಸಿದಂತೆ. ಇನ್ನೂ ನಾಯಿಯನ್ನು ತಾರದಿರುವ ಮನೆಯವರಿಗೆ ಹೇಳುವುದು ಒಂದೇ: ತರುವ ಮೊದಲು ಇವೆಲ್ಲವನ್ನೂ ಯೋಚಿಸಿ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಪರಸ್ಪರ ಕ್ಷಮೆ ಯಾಚಿಸುತ್ತಿದ್ದಾಗ ಆ ಶ್ರಾವಿಕೆ ನನ್ನ ಬಳಿಗೂ ಬಂದರು. ತಿಂಗಳ ಹಿಂದೆ ಕೆಂಪಿಯ ಶಸ್ತ್ರಚಿಕಿತ್ಸೆಯಾಗಿತ್ತು. ಬೇಡವೆಂದಿದ್ದ ಅತ್ತೆಯೇ ರಾತ್ರಿಯೆಲ್ಲ ಹಳೆಯ ಸೀರೆ ಹಾಸಿ ಅದರ ಪಕ್ಕದಲ್ಲಿ ಕುಳಿತಿದ್ದರಂತೆ. "ಎಚ್ಚರಾದ ಕೂಡಲೇ ನನ್ನ ಕೈ ನೆಕ್ಕಿತು ಕಾಕಾ. ಅದು ಸಿಟ್ಟು ಮಾಡಿದ್ರ ಇಷ್ಟು ಅಳು ಬರ್ತಿರಲಿಲ್ಲ" ಎಂದರು. ಇಂದು ಮುಂಜಾನೆ ಬಸದಿಗೆ ಹೊರಡುವ ಮೊದಲು ಅದರ ಮುಂದೆಯೂ ಕೈಮುಗಿದು ಕ್ಷಮೆ ಕೇಳಿ ಬಂದೆ ಎಂದೂ ಹೇಳಿದರು.

ಸರಿಯಾದುದನ್ನೇ ಮಾಡಿದ ಮೇಲೆ ಕ್ಷಮೆ ಏಕೆ ಎಂದು ಯಾರಾದರೂ ಕೇಳಬಹುದು. ಸಂಸಾರದಲ್ಲಿರುವ ನಮಗೆ ಹಿಂಸೆಯ ಲೇಶವೂ ಇಲ್ಲದ ದಾರಿ ಹಲವು ಸಲ ಸಿಗುವುದಿಲ್ಲ. ಇರುವ ದಾರಿಗಳಲ್ಲಿ ಕಡಿಮೆ ನೋವಿನದನ್ನು ಅರಿತು ಆರಿಸಬೇಕು. ಆರಿಸಿದ ಮೇಲೆ, ಆದ ನೋವು ನಮ್ಮಿಂದಲೇ ಆಯಿತೆಂದು ಒಪ್ಪಿಕೊಳ್ಳಬೇಕು. ಮೊದಲನೆಯದು ವಿವೇಕ, ಎರಡನೆಯದು ಕರುಣೆ. ಅಣುವ್ರತಿಯಾದ ಗೃಹಸ್ಥನಿಗೆ ಈ ಎರಡೂ ಬೇಕು.